ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು: ಎಣಿಸಿ ದುಡ್ಡು ಕೊಟ್ಟರೆ ಆರೋಗ್ಯ ಕಾರ್ಯಕರ್ತರ ಕೆಲಸ ಏನಾಗುತ್ತೆ?

ಬಯಲುಸೀಮೆ
ಆಶಾಗಳಿಗೆ ಕೆಲಸವಾರು ಪ್ರೋತ್ಸಾಹಧನ, ಸಿಎಚ್‌ಒಗಳಿಗೆ (ಸಮುದಾಯ ಆರೋಗ್ಯ ಅಧಿಕಾರಿಗಳಿಗೆ) ಸೂಚಕ ನೋಡಿ ಕೊಡುವ ಪಿಎಲ್‌ಪಿ, ಅಂದರೆ ಸಾಧನೆಗೆ ತಕ್ಕ ಹಣ. ಇವುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು "ರುವಾಂಡಾದಲ್ಲಿ ಇದನ್ನೇ ಮಾಡಿ ಗೆದ್ದರು" ಅಂತಾರೆ. ಅಲ್ಲಿ ನಿಜವಾಗಿ ಮಾಡಿದ್ದೇನು? ಯಾವುದು ಏರಿತು, ಯಾವುದು ಏರಲಿಲ್ಲ? ನಮ್ಮ ಆಶಾ ಪ್ರೋತ್ಸಾಹಧನವನ್ನು ಅದರ ಪಕ್ಕ ಇಟ್ಟು ನೋಡುವುದು ಸರಿಯೇ? ಅಂಕಿ-ಅಂಶ ಗೊತ್ತಿರುವವರು ಬರೆಯಿರಿ. "ಎಲ್ಲ ಕಳ್ಳರು", "ಎಲ್ಲ ತ್ಯಾಗಮಯಿಗಳು" ಅನ್ನೋ ಉತ್ತರ ಬೇಡ.

ಲೆಕ್ಕದ ಪುಸ್ತಕ
ರುವಾಂಡಾದಿಂದಲೇ ಶುರು ಮಾಡೋಣ. 2001-02ರ ಹೊತ್ತಿಗೆ ಸಿಯಾಂಗುಗು, ಬುಟಾರೆ ಪ್ರಾಂತ್ಯಗಳಲ್ಲಿ ವಿದೇಶಿ ಸಂಸ್ಥೆಗಳ ನೆರವಿನಿಂದ, ಸೇವೆ ಎಣಿಸಿ ದುಡ್ಡು ಕೊಡುವ ಪ್ರಯೋಗ ನಡೆಯಿತು. 2006ರಿಂದ ಸರ್ಕಾರವೇ ದೇಶಕ್ಕೆಲ್ಲ ಹಬ್ಬಿಸಿತು. ದುಡ್ಡು ಹೋಗಿದ್ದು ಆರೋಗ್ಯ ಕೇಂದ್ರಕ್ಕೆ, ನೇರವಾಗಿ ನರ್ಸ್ ಖಾತೆಗಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ನಮ್ಮಲ್ಲಿನ ಚರ್ಚೆಯಲ್ಲಿ ಸದಾ ಬಿಟ್ಟುಹೋಗುವ ಅಂಶ ಇದೇ.

ಸೂತ್ರ ಸರಳ. ಪ್ರತಿ ಸೇವೆಗೆ ಒಂದು ದರ. ದರ ಗುಣಿಸು ಸಂಖ್ಯೆ, ಎಲ್ಲ ಕೂಡಿಸಿ, ಬಂದಿದ್ದನ್ನು 0ರಿಂದ 1ರ ನಡುವಿನ ಗುಣಮಟ್ಟದ ಅಂಕದಿಂದ ಗುಣಿಸು. ಡಾಲರ್ ಲೆಕ್ಕದಲ್ಲಿ ಕೆಲವು ದರ: ಕೇಂದ್ರದಲ್ಲಿ ಆದ ಹೆರಿಗೆಗೆ 4.59, ಮೊದಲ ಗರ್ಭಿಣಿ ತಪಾಸಣೆಗೆ 0.09, ನಾಲ್ಕೂ ತಪಾಸಣೆ ಮುಗಿಸಿದ ಗರ್ಭಿಣಿಗೆ 0.37, ಸಮಯಕ್ಕೆ ಲಸಿಕೆಯೆಲ್ಲ ಮುಗಿದ ಮಗುವಿಗೆ 0.92.

ಒಂದು ಕೇಂದ್ರದ ಲೆಕ್ಕ ಹಾಕಿ ನೋಡೋಣ (ಸಂಖ್ಯೆಗಳು ಉದಾಹರಣೆಗೆ ಮಾತ್ರ). 20 ಹೆರಿಗೆಗೆ 91.80. 60 ಮೊದಲ ತಪಾಸಣೆಗೆ 5.40. ನಾಲ್ಕೂ ಮುಗಿಸಿದ 15 ಜನಕ್ಕೆ 5.55. 30 ಮಕ್ಕಳ ಲಸಿಕೆಗೆ 27.60. ಒಟ್ಟು 130.35 ಡಾಲರ್. ಗುಣಮಟ್ಟದ ಅಂಕ 0.80 ಇದ್ದರೆ ಕೈಗೆ 104.28. ಅದೇ ಅಂಕ 0.60ಕ್ಕೆ ಇಳಿದರೆ 78.21.

ಈಗ ದರಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದು ಹೆರಿಗೆ 51 ಮೊದಲ ತಪಾಸಣೆಗೆ ಸಮ. ಕೇಂದ್ರದಲ್ಲಿ ಕೂತ ನರ್ಸ್ ಎಲ್ಲಿ ಗಮನ ಹರಿಸಬೇಕು ಅಂತ ಪಟ್ಟಿಯೇ ಹೇಳಿಬಿಡುತ್ತೆ.

ಮಲೆನಾಡು ಪಿಎಚ್‌ಸಿ
ಸರ್, ಫಲಿತಾಂಶನೂ ಹೇಳಿ. 23% ಅಂತ ಎಲ್ಲರೂ ಹೇಳ್ತಾರೆ, ಯಾವುದರ 23% ಅಂತ ಯಾರೂ ಹೇಳಲ್ಲ.

ಲೆಕ್ಕದ ಪುಸ್ತಕ
ಕೇಂದ್ರದಲ್ಲಿ ಆಗುವ ಹೆರಿಗೆ 23% ಹೆಚ್ಚಿತು. 166 ಕೇಂದ್ರಗಳ ಅಧ್ಯಯನ, 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 23 ತಿಂಗಳವರೆಗಿನ ಮಕ್ಕಳ ತಡೆಗಟ್ಟುವ ಭೇಟಿ 56%, 24ರಿಂದ 59 ತಿಂಗಳ ಮಕ್ಕಳಲ್ಲಿ 132% ಏರಿತು. ನಾಲ್ಕು ಗರ್ಭಿಣಿ ತಪಾಸಣೆ ಮುಗಿಸುವುದು ಏರಲಿಲ್ಲ. ಪೂರ್ಣ ಲಸಿಕೆಯೂ ಏರಲಿಲ್ಲ.

ಈ ಅಧ್ಯಯನದ ಬಲ ಒಂದು ಕಡೆ ಇದೆ. ಹೋಲಿಕೆಗೆ ಇಟ್ಟುಕೊಂಡ ಕೇಂದ್ರಗಳಿಗೂ ಸರಾಸರಿ ಅಷ್ಟೇ ದುಡ್ಡು ಕೊಟ್ಟರು, ಆದರೆ ಯಾವ ಷರತ್ತೂ ಇಲ್ಲದೆ. ಹಾಗಾಗಿ ಬಂದ ವ್ಯತ್ಯಾಸ "ಹೆಚ್ಚು ದುಡ್ಡು ಬಂದಿದ್ದರಿಂದ" ಅಲ್ಲ, "ಎಣಿಸಿ ಕೊಟ್ಟಿದ್ದರಿಂದ" ಅಂತ ಹೇಳಬಹುದು. ಆಮೇಲೆ ಬೇರೆ ದೇಶಗಳಲ್ಲಿ ಮಾಡಿದ ಎಷ್ಟೋ ಅಧ್ಯಯನಗಳಿಗೆ ಈ ಹೋಲಿಕೆ ಗುಂಪೇ ಇರಲಿಲ್ಲ.

ನಾಲ್ಕು ತಪಾಸಣೆ ಯಾಕೆ ಏರಲಿಲ್ಲ? ದರ ಕಡಿಮೆ ಅನ್ನೋದು ಒಂದು ಕಾರಣ. ಇನ್ನೊಂದು, ಅದು ನರ್ಸ್ ಕೈಯಲ್ಲಿಲ್ಲ. ಗರ್ಭಿಣಿ ಮೊದಲ ಮೂರು ತಿಂಗಳೊಳಗೇ ಬರಬೇಕು, ಆಮೇಲೂ ಮೂರು ಸಲ ಬರಬೇಕು. ಐದನೇ ತಿಂಗಳಿಗೆ ಬಂದವಳಿಗೆ ನರ್ಸ್ ಎಷ್ಟು ಓಡಾಡಿದರೂ ಮೊದಲ ತ್ರೈಮಾಸಿಕದ ತಪಾಸಣೆಯನ್ನು ಹಿಂದಿನಿಂದ ಸೇರಿಸೋಕೆ ಆಗಲ್ಲ. ಆದರೆ ಕೇಂದ್ರದ ಬಾಗಿಲಿಗೆ ಬಂದ ಗರ್ಭಿಣಿಯನ್ನು "ನಾಳೆ ಬಾ" ಅನ್ನದೆ ಒಳಗೆ ಕರೆದುಕೊಳ್ಳುವುದು ಪೂರ್ತಿ ನರ್ಸ್ ಕೈಯಲ್ಲಿದೆ. ಏರಿದ್ದು ಅಲ್ಲಿ.

ಸಂಜೆ ಓಪಿಡಿ
ಇದಕ್ಕೆ ಒಂದು ಅಡಿಟಿಪ್ಪಣಿ. ಅದೇ ವರ್ಷಗಳಲ್ಲಿ ರುವಾಂಡಾದಲ್ಲಿ ಮ್ಯುಚುವೆಲ್ ಎಂಬ ಸಮುದಾಯ ಆರೋಗ್ಯ ವಿಮೆ ಊರೂರಿಗೆ ಹಬ್ಬುತ್ತಿತ್ತು, ಜಿಲ್ಲಾ ಮೇಯರ್‌ಗಳು ಇಮಿಹಿಗೊ ಅನ್ನೋ ಗುರಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅಧ್ಯಯನದ ಹೋಲಿಕೆ ಗುಂಪಿಗೂ ಇವೆರಡೂ ಇದ್ದವು, ಹಾಗಾಗಿ 23% ಸುಳ್ಳಾಗಲ್ಲ. ಆದರೆ ವಿಮೆಯೂ ಇಲ್ಲ, ಒತ್ತಡವೂ ಇಲ್ಲ ಅನ್ನೋ ಕಡೆ ದರಪಟ್ಟಿ ಒಂದನ್ನೇ ಕೊಂಡೊಯ್ದರೆ ಅದೇ ಫಲ ಬರುತ್ತೆ ಅಂತ ಹೇಳೋಕಾಗಲ್ಲ.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಹೌಟ್-ಕಟಾಂಗಾದಲ್ಲಿ ಸರಿಸುಮಾರು ಅದನ್ನೇ ಮಾಡಿ ನೋಡಿದರು. ಸಿಬ್ಬಂದಿ ಕಷ್ಟಪಟ್ಟರು ಕೂಡ: ರೋಗಿಗಳಿಂದ ತೆಗೆದುಕೊಳ್ಳುವ ಶುಲ್ಕ ಇಳಿಸಿದರು, ತಡೆಗಟ್ಟುವ ಸೇವೆಯ ದಿನಗಳನ್ನು ಹೆಚ್ಚಿಸಿದರು. ಬರುವ ಜನ ಹೆಚ್ಚಲಿಲ್ಲ. ಶುಲ್ಕ ಇಳಿದಿದ್ದರಿಂದ ಸಿಬ್ಬಂದಿಯ ಒಟ್ಟು ಆದಾಯವೇ ಕಡಿಮೆಯಾಯಿತು. ಯೋಜನೆ ಮುಗಿದ ಮೇಲೆ ಕೆಲಸದ ಮೇಲಿನ ಹುಮ್ಮಸ್ಸು ಹೋಲಿಕೆ ಗುಂಪಿಗಿಂತ ಕೆಳಗಿತ್ತು.

ಬಯಲುಸೀಮೆ
ಅಂದರೆ ದುಡಿದರೂ ಸಿಗಲಿಲ್ಲ. ಹಾಗಾದರೆ ಎಣಿಸದೆ ಸುಮ್ಮನೆ ದುಡ್ಡು ಕೊಟ್ಟರೆ?

ಸಂಜೆ ಓಪಿಡಿ
ಜಾಂಬಿಯಾದಲ್ಲಿ ಮೂರು ಗುಂಪು ಮಾಡಿದರು. ಒಂದಕ್ಕೆ ಎಣಿಸಿ ಕೊಟ್ಟರು, ಒಂದಕ್ಕೆ ಷರತ್ತಿಲ್ಲದ ಹೆಚ್ಚುವರಿ ಹಣ, ಒಂದಕ್ಕೆ ಏನೂ ಇಲ್ಲ. ಮೊದಲೆರಡು ಗುಂಪುಗಳ ನಡುವೆ ಹಲವು ಸೇವೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವರ್ಷಗಟ್ಟಲೆ ಇಂಥ ಯೋಜನೆಗಳಿಗೆ ದುಡ್ಡು ಹಾಕಿದ ವಿಶ್ವಬ್ಯಾಂಕೇ 2022ರ ವರದಿಯಲ್ಲಿ ಒಪ್ಪಿಕೊಂಡಿದ್ದು ಇದನ್ನೇ: ಆರೋಗ್ಯ ಕೇಂದ್ರಕ್ಕೆ ನೇರವಾಗಿ ಹಣ ಕೊಟ್ಟು, ಖರ್ಚಿನ ಸ್ವಾತಂತ್ರ್ಯ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಲಾಭ ಬರುತ್ತೆ.

ರಿಜಿಸ್ಟರ್ ನಂ 3
ನೀವಿಬ್ಬರೂ ಪರಿಶೀಲನೆಯ ಖರ್ಚನ್ನು ಬಿಟ್ಟಿರಿ. ಎಣಿಸಿ ಕೊಡಬೇಕು ಅಂದರೆ ಎಣಿಸಿದ್ದು ನಿಜ ಅಂತ ಯಾರೋ ನೋಡಬೇಕು. ಪಿಬಿಎಫ್‌ನಲ್ಲಿ, ಅಂದರೆ ಹೀಗೆ ಎಣಿಸಿ ಕೊಡುವ ಪದ್ಧತಿಯಲ್ಲಿ, ಸಾಮಾನ್ಯವಾಗಿ ಮೂರು ಸುತ್ತು.

ಮೊದಲ ಸುತ್ತು ಸಂಖ್ಯೆಯದ್ದು. ತಿಂಗಳ ವರದಿಯಲ್ಲಿ ಬರೆದ ಸಂಖ್ಯೆ ರಿಜಿಸ್ಟರ್‌ನಲ್ಲಿ ಇದೆಯೇ ಅಂತ ಸಾಲು ಸಾಲಾಗಿ ಎಣಿಸೋದು. ಎರಡನೆಯದು ಗುಣಮಟ್ಟ, ಮೂರು ತಿಂಗಳಿಗೊಮ್ಮೆ. ರುವಾಂಡಾದಲ್ಲಿ ಜಿಲ್ಲಾ ಆಸ್ಪತ್ರೆಯ ತಂಡ ಚೆಕ್‌ಲಿಸ್ಟ್ ಹಿಡಿದು ಬರುತ್ತಿತ್ತು. ಮೂರನೆಯದು ಊರಿಗೆ ಹೋಗಿ ಹುಡುಕೋದು: ರಿಜಿಸ್ಟರ್‌ನಿಂದ ಕೆಲವು ಹೆಸರು ಚೀಟಿ ಎತ್ತಿದ ಹಾಗೆ ತೆಗೆದು, ಆ ಮನೆಗೆ ಹೋಗಿ, "ಇಂಥವರು ಇದ್ದಾರಾ, ಆಸ್ಪತ್ರೆಗೆ ಹೋಗಿದ್ದರಾ, ಏನು ಮಾಡಿದರು, ದುಡ್ಡು ಕೇಳಿದರಾ" ಅಂತ ಕೇಳೋದು.

ಎಡವುವುದು ಇಲ್ಲೇ. ರಿಜಿಸ್ಟರ್‌ನಲ್ಲಿ ವಿಳಾಸದ ಕಾಲಂನಲ್ಲಿ ಬರೀ ಊರ ಹೆಸರು ಇದ್ದರೆ ಮೂರನೇ ಸುತ್ತಿನಲ್ಲಿ ಮನೆ ಸಿಗಲ್ಲ. ಸಿಗದ ಹೆಸರನ್ನು "ನಕಲಿ ರೋಗಿ" ಅಂತ ಲೆಕ್ಕ ಹಾಕುತ್ತಾರೆ, ದಂಡ ಬೀಳುತ್ತೆ. ಮಾಡಿದ ಕೆಲಸ ನಿಜ, ಬರೆದ ವಿಳಾಸ ಅರೆಬರೆ, ಹೋಗಿದ್ದು ಇಡೀ ಕೇಂದ್ರದ ದುಡ್ಡು. ಅದಕ್ಕೇ ಅನುಭವಸ್ಥರು ಮನೆ ಯಜಮಾನರ ಹೆಸರು, ಕೇರಿ, ಫೋನ್ ನಂಬರ್ ಮೂರನ್ನೂ ಕಡ್ಡಾಯ ಮಾಡಿಸ್ತಾರೆ. ನಿಜವಾದ ನಕಲಿಯ ಗುರುತು ಬೇರೆ: ಕ್ರಮಸಂಖ್ಯೆ ನಡುವೆ ಜಿಗಿಯುತ್ತೆ, ಒಂದೇ ಪೆನ್ನಿನಲ್ಲಿ ಒಂದೇ ಓಘದಲ್ಲಿ ಹತ್ತು ದಿನದ ಸಾಲುಗಳು, ಕೇಂದ್ರ ಮುಚ್ಚಿದ ದಿನದ ತಾರೀಖು, ಎಲ್ಲರ ಬಿಪಿಯೂ 120/80.

ಇನ್ನು ಗುಣಮಟ್ಟದ ಚೆಕ್‌ಲಿಸ್ಟ್. ಬಾಗಿಲಿಗೆ ಚಿಲಕ ಇದೆಯೇ, ಕೈತೊಳೆಯಲು ನೀರಿದೆಯೇ, ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ನಕ್ಷೆ) ತುಂಬಿದ್ದಾರೆಯೇ ಅನ್ನೋದು ಎಣಿಸೋಕೆ ಸುಲಭ. ರಕ್ತಸ್ರಾವ ಆದಾಗ ನರ್ಸ್ ಹೇಗೆ ನಡೆದುಕೊಂಡರು ಅನ್ನೋದು ಯಾವ ಚೆಕ್‌ಲಿಸ್ಟಿಗೂ ಸಿಗಲ್ಲ. ಹೆರಿಗೆ ಮುಗಿದ ಮೇಲೆ ಕೂತು ಪಾರ್ಟೋಗ್ರಾಫ್ ತುಂಬುವ ಚಾಳಿ ಹುಟ್ಟೋದು ಹೀಗೆ. ಗೆರೆ ಅಂದವಾಗಿರುತ್ತೆ, ಅಂಕ ಪೂರ್ತಿ ಬರುತ್ತೆ, ಹೆರಿಗೆ ನಡೆಯುವಾಗ ಅದು ಯಾವ ತೀರ್ಮಾನಕ್ಕೂ ನೆರವಾಗಿರಲ್ಲ.

ತಾಯಿ ಕಾರ್ಡ್
ಈಗ ನಮ್ಮ ಕಡೆಗೆ ಬನ್ನಿ. ಆಶಾ ಪ್ರೋತ್ಸಾಹಧನವನ್ನು ರುವಾಂಡಾದ ಪಕ್ಕ ಇಡುವ ಮೊದಲು ಮೂರು ವ್ಯತ್ಯಾಸ ಗಮನಿಸಿ. ಅಲ್ಲಿ ದುಡ್ಡು ಕೇಂದ್ರಕ್ಕೆ, ಇಲ್ಲಿ ಒಬ್ಬ ಹೆಂಗಸಿನ ಖಾತೆಗೆ. ಅಲ್ಲಿ ಸಂಬಳದ ಮೇಲೆ ಸೇರಿತು. ಸಿಬ್ಬಂದಿ ಸಂಬಳ ಸರಾಸರಿ 38% ಏರಿತು, ಅಂದರೆ ಒಟ್ಟು ಗಳಿಕೆಯಲ್ಲಿ ಸುಮಾರು 28% ಮಾತ್ರ ಕೆಲಸಕ್ಕೆ ಗಂಟುಬಿದ್ದದ್ದು. ಇಲ್ಲಿ 2005ರಲ್ಲಿ ಶುರುವಾದಾಗ ಆಶಾಗೆ ಸಂಬಳವೇ ಇರಲಿಲ್ಲ, ಹೆಸರಿಗೆ ಸ್ವಯಂಸೇವಕಿ. ಮೂರನೆಯದಾಗಿ, ಅಲ್ಲಿ ಗುಣಮಟ್ಟದ ಗುಣಕ ಇತ್ತು, ಇಲ್ಲಿ ಆಯಿತು ಅಥವಾ ಇಲ್ಲ, ಅಷ್ಟೇ.

ಕೇಂದ್ರ ಸರ್ಕಾರದ ದರಗಳಲ್ಲಿ ಮುಖ್ಯವಾದವು: ಆಸ್ಪತ್ರೆ ಹೆರಿಗೆಗೆ ನೆರವಾಗುವ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಗಾದರೆ 600 ರೂಪಾಯಿ (ಗರ್ಭಿಣಿ ತಪಾಸಣೆ ಭಾಗಕ್ಕೆ 300, ಆಸ್ಪತ್ರೆ ಹೆರಿಗೆಗೆ 300). ಬಾಣಂತಿ ಮನೆ ಭೇಟಿ, ಅಂದರೆ ಎಚ್‌ಬಿಎನ್‌ಸಿ, 3, 7, 14, 21, 28, 42ನೇ ದಿನ ಹೋದರೆ ಒಟ್ಟು 250. ಆರೂ ಆಗಬೇಕು. ಎಚ್‌ಬಿವೈಸಿ, ಅಂದರೆ ಆಮೇಲಿನ ಮಗುವಿನ ಮನೆ ಭೇಟಿ, 3, 6, 9, 12, 15ನೇ ತಿಂಗಳು, ಭೇಟಿಗೆ 50. ಮಗುವಿನ ಮೊದಲ ವರ್ಷದ ಲಸಿಕೆ ಪೂರ್ತಿಯಾದರೆ 100, ಎರಡನೇ ವರ್ಷದ್ದು 75. ಸಾಮಾನ್ಯ ಕ್ಷಯದ ರೋಗಿಗೆ ಚಿಕಿತ್ಸೆ ಮುಗಿಸಿದರೆ 1,000. ಇದರ ಜೊತೆಗೆ ದಿನನಿತ್ಯದ ಕೆಲಸಗಳಿಗೆ ಅಂತ ತಿಂಗಳಿಗೆ 2,000 ಇತ್ತು, 2025ರಲ್ಲಿ ಕೇಂದ್ರ ಅದನ್ನು 3,500 ಅಂತ ಪ್ರಕಟಿಸಿತು. ರಾಜ್ಯದ ಗೌರವಧನ 5,000 ಬೇರೆ.

ಈಗ ಒಂದೇ ಒಂದು ಬಸುರಿಯ ಲೆಕ್ಕ ಹಿಡಿಯಿರಿ. ಗಂಡನ ಊರಿನಲ್ಲಿ ತಾಯಿ ಕಾರ್ಡ್ ಮಾಡಿಸಿದ್ದು ಅಲ್ಲಿನ ಆಶಾ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಹೋದಳು. ನಾಲ್ಕನೇ ತಪಾಸಣೆ ತವರಿನ ಕಡೆ ಆಯಿತು. ಅದು ಖಾಸಗಿ ಕ್ಲಿನಿಕ್ ಆಗಿದ್ದು ಆರ್‌ಸಿಎಚ್ ನಂಬರಿಗೆ (ಸರ್ಕಾರಿ ಪೋರ್ಟಲ್‌ನಲ್ಲಿ ಗರ್ಭಿಣಿಯ ಗುರುತಿನ ಸಂಖ್ಯೆ) ನಮೂದಾಗದಿದ್ದರೆ ಮೊದಲ ಆಶಾಗೆ ತಪಾಸಣೆ ಭಾಗದ 300 ಕೂಡ ಅಲುಗಾಡುತ್ತೆ. ಹೆರಿಗೆಯ 300 ತವರೂರಿನ ಆಶಾಗೆ, ಅದೂ ಅವರು ಜೊತೆಗಿದ್ದರೆ. ಎಚ್‌ಬಿಎನ್‌ಸಿಯ ಆರು ಭೇಟಿ ತವರಿನಲ್ಲಿ. ಮೂರೋ ಐದೋ ತಿಂಗಳಿಗೆ ಬಾಣಂತಿ ಗಂಡನ ಮನೆಗೆ ವಾಪಸು. ಮೂರನೇ ತಿಂಗಳ ಎಚ್‌ಬಿವೈಸಿ ಯಾರದ್ದು? ಲಸಿಕೆಯ ಮೊದಲ ಡೋಸುಗಳು ಒಂದೂರಲ್ಲಿ, ದಡಾರದ್ದು ಇನ್ನೊಂದೂರಲ್ಲಿ; 100 ರೂಪಾಯಿ ಕೊನೆಯ ಡೋಸ್ ಹಾಕಿಸಿದವರಿಗೆ. ತವರಿಗೆ ಹೋಗಿ ಹೆರುವುದು ನಮ್ಮಲ್ಲಿ ವಾಡಿಕೆ, ಅಪವಾದ ಅಲ್ಲ. ದೆಹಲಿಯಲ್ಲಿ ಕೂತು ದರಪಟ್ಟಿ ಬರೆದವರಿಗೆ ಒಂದು ಬಸುರಿ ಒಂದೇ ಊರಿನಲ್ಲಿ ಇರುತ್ತಾಳೆ.

ಇನ್ನೂ ಒಂದು. ನಮ್ಮಂಥ ರಾಜ್ಯಗಳಲ್ಲಿ ಜನನಿ ಸುರಕ್ಷಾ ಬಿಪಿಎಲ್, ಎಸ್‌ಸಿ, ಎಸ್‌ಟಿ ಗರ್ಭಿಣಿಯರಿಗೆ. ಎಪಿಎಲ್ ಮನೆಯ ಬಸುರಿಯ ಹಿಂದೆಯೂ ಆಶಾ ಅಷ್ಟೇ ಓಡಾಡಬೇಕು, ಆ 600 ಮಾತ್ರ ಇಲ್ಲ.

ಮಲೆನಾಡು ಪಿಎಚ್‌ಸಿ
ಮೇಡಂ ಹೇಳಿದ ಎಚ್‌ಬಿಎನ್‌ಸಿ 250ರ ಷರತ್ತುಗಳನ್ನೂ ಓದಿ. 2011ರ ಮಾರ್ಗಸೂಚಿಯಲ್ಲಿ ಇದ್ದದ್ದು: ಹುಟ್ಟಿದ ತೂಕ ಕಾರ್ಡಿನಲ್ಲಿ ಬರೆದಿರಬೇಕು, ಬಿಸಿಜಿ ಮತ್ತು ಮೊದಲ ಸುತ್ತಿನ ಲಸಿಕೆ ಆಗಿರಬೇಕು, ಜನನ ನೋಂದಣಿ ಆಗಿರಬೇಕು, 42ನೇ ದಿನದವರೆಗೆ ತಾಯಿ ಮಗು ಇಬ್ಬರೂ ಸುರಕ್ಷಿತವಾಗಿರಬೇಕು.

ಕೊನೆಯದನ್ನು ಇನ್ನೊಮ್ಮೆ ಓದಿ. ಹತ್ತನೇ ದಿನ ಕೂಸಿಗೆ ಮೈ ತಣ್ಣಗಾಗಿದೆ, ಹಾಲು ಕುಡೀತಿಲ್ಲ ಅಂತ ಗುರುತಿಸಿ, ಗಾಡಿ ಮಾಡಿಸಿ ಜಿಲ್ಲಾಸ್ಪತ್ರೆಗೆ ಸೇರಿಸಿದವರು ಆಶಾ. ಆ ಕೂಸು ಉಳಿಯದಿದ್ದರೆ ಈ ಷರತ್ತಿನ ಪ್ರಕಾರ 250 ಇಲ್ಲ. ಅತಿ ಹೆಚ್ಚು ಕೆಲಸ ಬೇಡುವ ಮನೆಯಲ್ಲೇ ದುಡ್ಡು ಕೈತಪ್ಪುವ ಸಾಧ್ಯತೆ ಹೆಚ್ಚು. ಪ್ರಯತ್ನಕ್ಕೆ ಕೊಡಬೇಕಾದ್ದನ್ನು ಫಲಕ್ಕೆ ಕಟ್ಟಿದರೆ ಆಗೋದು ಇದೇ.

ಲೆಕ್ಕದ ಪುಸ್ತಕ
ಒಪ್ಪಿದೆ. ಆದರೆ ಫಲಕ್ಕೆ ಕಟ್ಟಿದ್ದೆಲ್ಲ ತಪ್ಪು ಅನ್ನಬೇಡಿ. ಕ್ಷಯದಲ್ಲಿ ಆರು ತಿಂಗಳು ಮಾತ್ರೆ ಮುಗಿಸಿದ್ದಕ್ಕೆ ಕೊಡೋದು ಸರಿ, ಯಾಕಂದರೆ ನಡುವೆ ಬಿಟ್ಟರೆ ಇಡೀ ಕೆಲಸ ವ್ಯರ್ಥ. ಅಲ್ಲಿ ಸಮಸ್ಯೆ ಬೇರೆ: ರೋಗಿ ಕೆಲಸಕ್ಕೆ ಬೆಂಗಳೂರಿಗೋ ಗೋವಾಕ್ಕೋ ಹೋದರೆ ಅಲ್ಲಿಗೆ ವರ್ಗಾವಣೆ ಆಗುತ್ತೆ, ನಾಲ್ಕು ತಿಂಗಳು ಮಾತ್ರೆ ಕೊಟ್ಟವರಿಗೆ ಪಾಲು ಇಲ್ಲ. ತಿಂಗಳುವಾರು ಭಾಗ ಮಾಡಿ ಕೊಟ್ಟಿದ್ದರೆ ಈ ತಂಟೆ ಇರುತ್ತಿರಲಿಲ್ಲ.

ರಿಜಿಸ್ಟರ್ ನಂ 3
ದರ ಬಿಡಿ, ದುಡ್ಡು ಬರುವ ದಾರಿ ನೋಡಿ. ಆಶಾ ತಿಂಗಳ ಕ್ಲೇಮ್ ಫಾರಂ ತುಂಬಬೇಕು. ಉಪಕೇಂದ್ರದ ಪಿಎಚ್‌ಸಿಒ (ಹಿಂದಿನ ಎಎನ್‌ಎಂ) ತಾಳೆ ನೋಡಿ ಸಹಿ. ವೈದ್ಯಾಧಿಕಾರಿ ಸಹಿ. ಪೋರ್ಟಲ್‌ಗೆ ಎಂಟ್ರಿ. ತಾಲ್ಲೂಕು, ಜಿಲ್ಲೆ ದಾಟಿ ಖಾತೆಗೆ ಜಮಾ. ಕರ್ನಾಟಕದಲ್ಲಿ ಆರ್‌ಸಿಎಚ್ ಪೋರ್ಟಲ್‌ನ ನಮೂದಿಗೆ ಪಾವತಿಯನ್ನು ಜೋಡಿಸಿದ ಮೇಲೆ ಹೊಸ ತೊಡಕು: ಪಿಎಚ್‌ಸಿಯಲ್ಲಿ ಡಾಟಾ ಎಂಟ್ರಿ ಆಗದಿದ್ದರೆ ಕೆಲಸವೇ ಆಗಿಲ್ಲ ಅಂತ ಲೆಕ್ಕ. ಎಂಟ್ರಿ ಮಾಡೋದು ಬೇರೆಯವರು, ದುಡ್ಡು ತಪ್ಪೋದು ಆಶಾಗೆ. ಆಶಾ ಸಂಘಟನೆಗಳು ಈ ಜೋಡಣೆ ಬಿಡಿಸಿ ಅಂತ ವರ್ಷಗಳಿಂದ ಕೇಳುತ್ತಿರುವುದು ಇದಕ್ಕೇ.

ತಡವಾದರೆ ಪ್ರೋತ್ಸಾಹಧನದ ಉದ್ದೇಶವೇ ಹಾಳು. ಮಾರ್ಚಿನಲ್ಲಿ ಮಾಡಿದ್ದಕ್ಕೆ ಜುಲೈನಲ್ಲಿ ಒಟ್ಟಿಗೆ 3,150 ಬಂತು ಅಂದುಕೊಳ್ಳಿ. ಯಾವುದಕ್ಕೆ ಬಂತು, ಯಾವುದು ಕಡಿತ ಆಯ್ತು ಅಂತ ಬ್ಯಾಂಕ್ ಎಸ್‌ಎಂಎಸ್ ಹೇಳಲ್ಲ. ಯಾವ ಕೆಲಸಕ್ಕೆ ಎಷ್ಟು ಅಂತ ಗೊತ್ತಾಗದ ದುಡ್ಡು ಯಾರ ನಡವಳಿಕೆಯನ್ನೂ ಬದಲಿಸಲ್ಲ.

ಬಯಲುಸೀಮೆ
2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳ ಧರಣಿ ಆದಮೇಲೆ ಮುಖ್ಯಮಂತ್ರಿ ಕನಿಷ್ಠ 10,000 ಅಂದರಲ್ಲ, ಅದರಿಂದ ಇದು ಬಗೆಹರಿಯಲ್ವಾ?

ಲೆಕ್ಕದ ಪುಸ್ತಕ
ಗೌರವಧನ, ಪ್ರೋತ್ಸಾಹಧನ ಎಲ್ಲ ಸೇರಿ ತಿಂಗಳಿಗೆ ಕನಿಷ್ಠ 10,000 ಅನ್ನೋದು ಭರವಸೆ. ಬದುಕಿನ ಭದ್ರತೆ ಅಂತ ನೋಡಿದರೆ ಖಂಡಿತ ಒಳ್ಳೇದು. ಸೂತ್ರವಾಗಿ ನೋಡಿದರೆ ಒಂದು ಗುಟ್ಟಿದೆ. ಕಡಿಮೆ ಬಿದ್ದದ್ದನ್ನು ತುಂಬಿಕೊಡುವ ರೀತಿ ಮಾಡಿದರೆ: 5,000 ಗೌರವಧನ, 2,000 ದಿನನಿತ್ಯದ್ದು, ಒಟ್ಟು 7,000 ಹೇಗೂ ಬರುತ್ತೆ. ಕೆಲಸವಾರು 1,000 ಗಳಿಸಿದವರಿಗೆ 2,000 ತುಂಬಿಕೊಡ್ತಾರೆ, 2,900 ಗಳಿಸಿದವರಿಗೆ 100. ಇಬ್ಬರಿಗೂ 10,000. ಮೊದಲ 3,000ದವರೆಗೆ ಕೆಲಸವಾರು ದರಕ್ಕೆ ಬೆಲೆ ಸೊನ್ನೆ. 2,000ವನ್ನು 3,500 ಅಂತ ಇಟ್ಟುಕೊಂಡರೆ ಆ ಸೊನ್ನೆ ಪಟ್ಟಿ 1,500ಕ್ಕೆ ಇಳಿಯುತ್ತೆ. ಅದರ ಬದಲು 10,000 ನಿಗದಿ, ಅದರ ಮೇಲೆ ಕೆಲಸವಾರು ಅಂತ ಮಾಡಿದರೆ ಎರಡೂ ಉಳಿಯುತ್ತೆ, ಆದರೆ ಖಜಾನೆಗೆ ಭಾರ.

ಸಂಜೆ ಓಪಿಡಿ
ಸೊನ್ನೆಯಾದರೆ ಏನು ನಷ್ಟ? ನನ್ನ ಪ್ರಕಾರ 25, 50, 75ರ ದರಗಳನ್ನೆಲ್ಲ ಕಿತ್ತು ನಿಗದಿ ಸಂಬಳಕ್ಕೆ ಸೇರಿಸೋದೇ ಸರಿ. ಆ ಸಣ್ಣ ದರಗಳು ಪ್ರೋತ್ಸಾಹ ಕೊಡಲ್ಲ, ಬರವಣಿಗೆ ಹೆಚ್ಚಿಸ್ತವೆ. 50 ರೂಪಾಯಿಯ ಒಂದು ಭೇಟಿ ಸಾಬೀತು ಮಾಡೋಕೆ ಮೂರು ಸಹಿ ಬೇಕು ಅಂದರೆ ಆ ಮೂವರ ಸಮಯದ ಬೆಲೆಯೇ 50 ದಾಟುತ್ತೆ.

ತಾಯಿ ಕಾರ್ಡ್
ಅರ್ಧ ಒಪ್ಪುತ್ತೇನೆ ಡಾಕ್ಟ್ರೇ. ಸಣ್ಣವು ಹೋಗಲಿ. ಆದರೆ ರಾತ್ರಿ ಹೊತ್ತು ಹೆರಿಗೆಗೆ ಜೊತೆ ಹೋಗೋದು, ಕ್ಷಯದ ಆರು ತಿಂಗಳು, ಇವಕ್ಕೆ ಪ್ರತ್ಯೇಕ ದುಡ್ಡು ಇರಲೇಬೇಕು. ಎಲ್ಲ ನಿಗದಿ ಆದರೆ "ನಿಮಗೆ ಸಂಬಳ ಕೊಡ್ತೀವಲ್ಲ" ಅಂತ ಸರ್ವೆ, ಜಾಥಾ, ಚುನಾವಣೆ ಎಲ್ಲದಕ್ಕೂ ಪುಕ್ಕಟೆ ಕರೀತಾರೆ. ಈಗಲೇ ಕರೀತಾರೆ, ಆ ಮಾತು ಬೇರೆ.

ಮಲೆನಾಡು ಪಿಎಚ್‌ಸಿ
ಸಿಎಚ್‌ಒ ಪಿಎಲ್‌ಪಿ ಬಗ್ಗೆ ಯಾರೂ ಬರೆದಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ತಿಂಗಳಿಗೆ 25,000 ನಿಗದಿ, 15,000ದವರೆಗೆ ಸೂಚಕ ನೋಡಿ. ಅಂದರೆ 40,000ದಲ್ಲಿ 37.5% ತೂಗುಯ್ಯಾಲೆಯಲ್ಲಿ. ರುವಾಂಡಾದ 28%ಗಿಂತ ಹೆಚ್ಚು. ಓಪಿಡಿ ಸಂಖ್ಯೆ ಸೂಚಕ ಆದಾಗ ಒಬ್ಬ ಬಿಪಿ ರೋಗಿಗೆ 30 ದಿನದ ಮಾತ್ರೆ ಕೊಟ್ಟರೆ ತಿಂಗಳಿಗೆ ಒಂದು ಓಪಿಡಿ, 10 ದಿನದ್ದು ಕೊಟ್ಟರೆ ಮೂರು. ಕೂಲಿ ಬಿಟ್ಟು ಮೂರು ಸಲ ಬರಬೇಕಾದವರು ಎರಡನೇ ತಿಂಗಳಿಗೆ ಮಾತ್ರೆಯನ್ನೇ ಬಿಡ್ತಾರೆ. ಇದಕ್ಕೆ ಯಾರೂ ಮೋಸ ಮಾಡಬೇಕಿಲ್ಲ, ಸೂಚಕವೇ ಆ ಕಡೆ ತಳ್ಳುತ್ತೆ. "ಬಿಪಿ ಹತೋಟಿಯಲ್ಲಿರುವ ರೋಗಿಗಳ ಪ್ರಮಾಣ" ಅಂತ ಸೂಚಕ ಇಟ್ಟರೆ? ಆಗ ಮತ್ತೆ ಎಲ್ಲರ ಬಿಪಿಯೂ 120/80.

ಬಯಲುಸೀಮೆ
ಹಾಗಾದರೆ ಒಂದು ತಾಲ್ಲೂಕಿನಲ್ಲಿ ಇದು ಸರಿಯಾಗಿ ನಡೀತಿದೆಯೋ ಇಲ್ಲವೋ ಅಂತ ಹೊರಗಿನವರು ಹೇಗೆ ನೋಡಬೇಕು?

ರಿಜಿಸ್ಟರ್ ನಂ 3
ಒಂದು ಪಿಎಚ್‌ಸಿಯ ಹತ್ತು ಆಶಾಗಳ ಮೂರು ತಿಂಗಳ ಕ್ಲೇಮ್ ಫಾರಂ ತಗೊಳ್ಳಿ. ಪ್ರತಿ ಸಾಲಿಗೆ ನಾಲ್ಕು ಕಾಲಂ: ಕೇಳಿದ ಮೊತ್ತ, ಮಂಜೂರಾದ ಮೊತ್ತ, ಕಡಿತದ ಕಾರಣ, ಜಮಾ ಆದ ತಾರೀಖು. ಕಾರಣದ ಕಾಲಂ ಖಾಲಿ ಇದ್ದರೆ ಅಲ್ಲಿಗೆ ನಿಲ್ಲಿ, ಮುಂದೆ ನೋಡೋದೇ ಬೇಡ. ತುಂಬಿದ್ದರೆ "ಎಂಟ್ರಿ ಆಗಿಲ್ಲ" ಎಷ್ಟು, "ಕೆಲಸ ಆಗಿಲ್ಲ" ಎಷ್ಟು ಅಂತ ಬೇರೆ ಬೇರೆ ಎಣಿಸಿ. ಆಮೇಲೆ ಪಾವತಿಯೇ ಇಲ್ಲದ ಒಂದೆರಡು ಕೆಲಸಗಳನ್ನು ನೋಡಿ, ಉದಾಹರಣೆಗೆ ಎಪಿಎಲ್ ಮನೆಗಳ ಗರ್ಭಿಣಿ ತಪಾಸಣೆ. ಪಾವತಿ ಇರುವ ಕೆಲಸ ಏರುತ್ತಾ ಇವು ಇಳಿಯುತ್ತಿದ್ದರೆ ದುಡ್ಡು ಕೆಲಸವನ್ನು ಹೆಚ್ಚಿಸಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದಿದೆ.

ತಾಯಿ ಕಾರ್ಡ್
ತವರಿಗೆ ಹೋದವರ ಸಾಲುಗಳನ್ನು ಪ್ರತ್ಯೇಕ ಮಾಡಿ ಎಣಿಸಿ. ಇಲ್ಲದಿದ್ದರೆ ಗಂಡನ ಊರಿನ ಆಶಾ ಸೋಮಾರಿ ಥರ ಕಾಣ್ತಾಳೆ, ತವರೂರಿನವಳು ಚುರುಕು ಅನ್ನಿಸುತ್ತೆ. ಎರಡೂ ಊರಿನ ಫಾರಂ ಪಕ್ಕಪಕ್ಕ ಇಟ್ಟರೆ ಆರ್‌ಸಿಎಚ್ ನಂಬರ್ ಒಂದೇ ಇರುತ್ತೆ, ಅದನ್ನು ಹಿಡಿದು ತಾಳೆ ಹಾಕಿ.